ಎಂಬತ್ತು ಪರ್ಸೆಂಟ್ ರಾಕ್ಷಸಿ

“ಇದು ಕೊನೇ ಪ್ರಶ್ನೆ,” ಎಂದಳು ಗೆಳತಿ ಜಡೆ, ‘ನೀನು ದೇವತೆಯೋ ರಾಕ್ಷಸಿಯೋ’ ಎಂಬ ಆಟವಿದ್ದ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು. “ಒಂದೇ ಬಿಸ್ಕತ್ತು ಉಳಿದಿದೆ. ಅದು ನಿನಗೋ, ನಿನ್ನ ತಮ್ಮನಿಗೋ?”

“ನನಗೆ,” ಎಂದಳು ಸೈರನ್. ಅದರಲ್ಲಿ ಯೋಚಿಸುವುದೇನು ಬಂತು?

ಸೈರನ್ ಎಂಬುದು ಅವಳ ನಿಜವಾದ ಹೆಸರೇನಲ್ಲ. ಅವಳು ಮೆಟ್ಟಿಲ ಮೇಲೆ ನಿಂತು ಅಮ್ಮಾ ಎಂದು ಕೂಗಿದರೆ, ಬೀದಿಯ ಆ ತುದಿಯಲ್ಲಿ ಯಾರ್ಯಾರದೋ ಅಮ್ಮಂದಿರು ಕಿಟಕಿಗೆ ಬರುತ್ತಿದ್ದರು. ಹಾಗೆ ಅಂಟಿಕೊಂಡ ಹೆಸರು. ಅವಳಿಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಜಡೆ ಉತ್ತರ ಒತ್ತಿದಳು. “ನೀನು ಎಂಬತ್ತು ಪರ್ಸೆಂಟ್ ರಾಕ್ಷಸಿಯಂತೆ. ನಂದು ದೇವತೆ ಬಂದಿತ್ತು.”

“ನೀನು ಎಲ್ಲದಕ್ಕೂ ‘ನಕ್ಕು ಸುಮ್ಮನಾಗುತ್ತೇನೆ’ ಅಂತ ಒತ್ತಿದೆಯಲ್ಲ. ಮೊನ್ನೆ ನಿನ್ನ ಸ್ಕೆಚ್ ಪೆನ್ ಮುಟ್ಟಿದ್ದಕ್ಕೆ ನನ್ನ ಕೈ ಚಿವುಟಿದ್ದು ಯಾರು?”

“ಅದು ಬೇರೆ ವಿಷಯ,” ಎಂದಳು ದೇವತೆ.

ಸೈರನ್ ಬಿದ್ದು ಬಿದ್ದು ನಕ್ಕಳು. ಆದರೆ ಅಮ್ಮನ ಲಾಂಡ್ರಿ ಅಂಗಡಿಯ ಇಸ್ತ್ರಿ ಮೇಜಿನ ಕೆಳಗೆ ಕೂತು ಆಟದ ಕಾರು ಓಡಿಸುತ್ತಿದ್ದ ಅವಳ ತಮ್ಮ ನಗಲಿಲ್ಲ. ಬಟಾಣಿ ಎಂದು ಅವನನ್ನು ಕರೆಯುತ್ತಿದ್ದರು. ಅವನ ಕಣ್ಣು ಈಗ ನಿಜವಾಗಿಯೂ ಬಟಾಣಿ ಕಾಳಿನಷ್ಟು ದುಂಡಗಾಗಿತ್ತು.

ಮರುದಿನ ಶಾಲೆ ಬಿಟ್ಟಾಗ ಅವನು ಅಕ್ಕನ ಕೈ ಹಿಡಿಯಲಿಲ್ಲ. ದಿನವೂ ಅಂಟಿನ ಹಾಗೆ ಅಂಟಿಕೊಳ್ಳುತ್ತಿದ್ದವನು ಅವಳನ್ನು ಸುತ್ತಿಹೋಗಿ ಜಡೆಯ ಕೈ ಹಿಡಿದು ರಸ್ತೆ ದಾಟಿದ.

ಸೈರನ್‌ಗೆ ತುಂಬಾ ನೋವಾಯಿತು. ಖಾಲಿ ಕೈಯನ್ನು ಏನು ಮಾಡಬೇಕೋ ತಿಳಿಯದೆ ಜೇಬಿಗೆ ತೂರಿಸಿದಳು. ಆದರೆ ಮೂಲೆಯಲ್ಲಿ ಕೂತು ಅಳುವವರ ಪೈಕಿ ಅವಳಲ್ಲ. ದೇವತೆ ಆಗುವುದೇನು ಮಹಾ, ಇವತ್ತೇ ಆಗಿ ತೋರಿಸುತ್ತೇನೆ ಎಂದುಕೊಂಡಳು.

ಅಂಗಡಿಗೆ ಬಂದೊಡನೆ ಅವಳು ಬಿಸ್ಕತ್ತಿನ ಪೊಟ್ಟಣ ತೆಗೆದು, ದನಿಯನ್ನು ಆದಷ್ಟು ಸಣ್ಣದು ಮಾಡಿಕೊಂಡಳು.

“ಬಟಾಣೀ, ಬಾ ಕಂದಾ. ಪೂರ್ತಿ ಪೊಟ್ಟಣ ನಿಂಗೇ.”

ಬಟಾಣಿ ಎರಡು ಹೆಜ್ಜೆ ಹಿಂದೆ ಸರಿದ. “ಕತೇಲಿ ರಾಕ್ಷಸಿ ತಿನ್ನೋಕೆ ಮುಂಚೆ ಹೀಗೇ ಮಾತಾಡೋದು,” ಎಂದವನೇ ನೇತುಹಾಕಿದ್ದ ಕೋಟುಗಳ ನಡುವೆ ನುಗ್ಗಿ ಮಾಯವಾದ.

ಸೈರನ್ ಹುಡುಕಿದಳು. ಕೋಟುಗಳ ಹಿಂದೆ ಇರಲಿಲ್ಲ. ಮೇಜಿನ ಕೆಳಗೂ ಇರಲಿಲ್ಲ. ಅಮ್ಮ ಗಿರಾಕಿಯೊಬ್ಬರ ಸೀರೆಯ ಕಲೆ ನೋಡುವುದರಲ್ಲಿ ಮುಳುಗಿದ್ದಳು, ಮೆಷಿನ್ನುಗಳು ಗಡಗಡ ಎನ್ನುತ್ತಿದ್ದವು. ಹೋಟೆಲಿಗೆ ಹೋಗುವ ಟವೆಲ್ ತುಂಬಿದ, ಚಕ್ರವಿರುವ ದೊಡ್ಡ ಬುಟ್ಟಿಯನ್ನು ವ್ಯಾನಿನ ಮಾಮ ಆಗಲೇ ತಳ್ಳಿಕೊಂಡು ಹೋಗಿದ್ದರು. ಬುಟ್ಟಿ ಇದ್ದ ಜಾಗದಲ್ಲಿ ಒಂದು ಪುಟ್ಟ ಚಪ್ಪಲಿ ಬಿದ್ದಿತ್ತು.

ಅದು ಬಟಾಣಿಯದು.

ಸೈರನ್ ಬಾಗಿಲಿಗೆ ಓಡಿದಳು. ವ್ಯಾನು ಹೊರಟುಬಿಟ್ಟಿತ್ತು. ಅದರ ಗಾಜು ಏರಿಸಿತ್ತು, ಒಳಗೆ ಹಾಡು ಬೇರೆ ಹಾಕಿದ್ದರು. ಅವಳು ಹೊಟ್ಟೆಯ ಆಳದಿಂದ ಉಸಿರು ಎಳೆದುಕೊಂಡಳು.

“ಮಾಮಾ, ನಿಲ್ಸೀ!”

ಪಕ್ಕದಲ್ಲಿದ್ದ ಜಡೆ ಕಿವಿ ಮುಚ್ಚಿಕೊಂಡಳು. ಎದುರಿನ ಅಂಗಡಿಯಲ್ಲಿ ಕೂದಲು ಕತ್ತರಿಸುತ್ತಿದ್ದವರು ಕತ್ತರಿ ಎತ್ತಿ ಹಿಡಿದು ಹಾಗೇ ನಿಂತರು. ಬೀದಿಯ ತಿರುವಿನಲ್ಲಿ ವ್ಯಾನು ಗಕ್ಕನೆ ನಿಂತಿತು.

“ನನ್ನ ಕಿವಿ ತೂತಾಯ್ತಲ್ಲಮ್ಮ,” ಎನ್ನುತ್ತಾ ಮಾಮ ಇಳಿದರು. ವಿಷಯ ಕೇಳಿ ಅವರ ಮುಖ ಬಿಳಿಚಿಕೊಂಡಿತು. “ಬುಟ್ಟಿ ಇವತ್ಯಾಕೋ ಭಾರ ಇದೆ ಅಂದ್ಕೊಂಡೆ ನೋಡು.”

ಹಿಂದಿನ ಬಾಗಿಲು ತೆಗೆದಾಗ ಟವೆಲುಗಳ ನಡುವಿನಿಂದ ಬಟಾಣಿಯ ತಲೆ ಎದ್ದಿತು. ಮುಖವೆಲ್ಲ ಕಣ್ಣೀರು, ಸುಂಬಳ. ಅವನು ಸೀದಾ ಅಕ್ಕನ ಕುತ್ತಿಗೆಗೆ ಜೋತುಬಿದ್ದ.

“ತುಂಬಾ ಭಯ ಆಯ್ತಾ?” ಎಂದು ಕೇಳಿದಳು ಸೈರನ್. ದೇವತೆಯ ದನಿ ಮಾಡುವುದು ಈಗ ಅವಳಿಗೆ ನೆನಪೇ ಆಗಲಿಲ್ಲ.

“ಫಸ್ಟ್ ಆಯ್ತು. ನೀನು ಕೂಗಿದ್ದು ಕೇಳಿಸಿದ್ಮೇಲೆ ಆಗ್ಲಿಲ್ಲ.”

ಅಮ್ಮ ಓಡಿ ಬಂದಳು. “ಅಷ್ಟೂ ಟವೆಲ್ ಮತ್ತೆ ಒಗೀಬೇಕಲ್ಲೋ,” ಎಂದು ಬೈಯುತ್ತಲೇ ಮಗನನ್ನು ಅಪ್ಪಿಕೊಂಡು, ಅವುಗಳಲ್ಲೇ ಒಂದರಿಂದ ಅವನ ಮೂಗು ಒರೆಸಿದಳು.

ಆಮೇಲೆ ಮೂವರೂ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ತಿಂದರು. ಜಡೆ ಮೊಬೈಲು ತೆಗೆದಳು. “ಇನ್ನೊಂದ್ಸಲ ಆಡೋಣ ಕಣೇ. ಒಂದೆರಡು ಉತ್ತರ ಬದಲಾಯಿಸಿದ್ರೆ ಸಾಕು, ನೀನೂ ದೇವತೆ ಆಗ್ತೀಯ.”

“ಬೇಡ,” ಎಂದ ಬಟಾಣಿ, ಬಾಯಿ ತುಂಬಾ ಬಿಸ್ಕತ್ತು ಇಟ್ಟುಕೊಂಡೇ. “ನಾಳೆ ರೋಡ್ ದಾಟೋಕೆ ನಂಗೆ ರಾಕ್ಷಸಿನೇ ಬೇಕು.”

ಪೊಟ್ಟಣದಲ್ಲಿ ಒಂದೇ ಒಂದು ಬಿಸ್ಕತ್ತು ಉಳಿದಿತ್ತು. ಜಡೆ ನಕ್ಕು, ತನಗೆ ಸಾಕು ಎಂದಳು. ಮೊಬೈಲಿನಲ್ಲಿ ಇದಕ್ಕೆ ಇದ್ದದ್ದು ಎರಡೇ ಉತ್ತರ ಎಂಬುದು ಸೈರನ್‌ಗೆ ನೆನಪಾಯಿತು.

ಅವಳು ಬಿಸ್ಕತ್ತನ್ನು ಒಂದೇ ಕೈಯಲ್ಲಿ ಮುರಿದಳು. ಅದು ಸರಿಸಮ ಮುರಿಯಲಿಲ್ಲ. ಎರಡು ಚೂರನ್ನೂ ಒಮ್ಮೆ ನೋಡಿ, ದೊಡ್ಡದನ್ನು ತನ್ನ ಬಾಯಿಗೆ ಹಾಕಿಕೊಂಡಳು.

ಚಿಕ್ಕ ಚೂರನ್ನು ಬಟಾಣಿ ಎಡಗೈಯಲ್ಲೇ ತೆಗೆದುಕೊಂಡ. ಅವನ ಬಲಗೈ ಇನ್ನೂ ಅಕ್ಕನ ಕೈಯೊಳಗಿತ್ತು.