ರಾಯರ ರಾಹುಕಾಲ

೨೦೦೩ರಲ್ಲಿ ಬೇಗಂಪೇಟೆಯ ನಮ್ಮ ಪಂಚಾಂಗದ ಆಫೀಸಿಗೆ ಹೊಸ ಎಕ್ಸ್‌ಪಿ ಕಂಪ್ಯೂಟರ್ ಬಂತು. ತಿಥಿ ಲೆಕ್ಕ ಹಾಕುವ ಪ್ರೋಗ್ರಾಂ ಮಾತ್ರ ಹಳೆಯ ಡಾಸ್ ಕಾಲದ್ದು, ತೀರಿಹೋದ, ನಶ್ಯದ ಚಟವಿದ್ದ ಪ್ರಹ್ಲಾದರಾಯರು ಬರೆದದ್ದು. ಗುರುವಾರ ಬೆಳಗಿನಿಂದ ಹೆಣಗಿ ಅಂತೂ ಅದನ್ನು ತೆರೆದಾಗ ಮಧ್ಯಾಹ್ನ ಎರಡು ಗಂಟೆ. ಮೂರು ಬೀಪ್ ಆಗಿ, ಪರದೆಯ ಮೇಲೆ ಸಾಲೊಂದು ಬಂತು: "ರಾಹುಕಾಲ ಐತಿ, ಆಮ್ಯಾಲ ಬರ್ರಿ." ರಾಹುಕಾಲದಲ್ಲಿ ಲೆಕ್ಕ ಹಾಕದಂತೆ ರಾಯರೇ ಬರೆದಿಟ್ಟಿದ್ದರಂತೆ!

"ಇನ್ನೂ ಆಗಿಲ್ಲೇನವಾ ಸುಹಾಸಿನಿ? ಪ್ರೆಸ್ಸಿನವ ಕಾಯಾಕತ್ತಾನ," ಎಂದರು ಮಾಲೀಕ ಅಮರೇಶಪ್ಪನವರು.

"ಸತ್ತವ್ರ ಕಟ್ಟಳಿ ಎಷ್ಟಂತ ಕೇಳೂದರಿ?" ಎಂದು ರೇಗಿ, ಕಂಪ್ಯೂಟರಿನ ಗಡಿಯಾರವನ್ನು ನಾಲ್ಕಕ್ಕೆ ಸರಿಸಿದೆ.

ನಶ್ಯದ ವಾಸನೆ ಬಂತು. ಏಸಿಯ ಚಳಿಯಲ್ಲೂ ಕೀಲಿಗಳು ಬೆಚ್ಚಗಿದ್ದವು. ಮತ್ತೆ ಮೂರು ಬೀಪ್, ಪರದೆಯ ಮೇಲೆ ಹೊಸ ಸಾಲು:

"ಗಡಿಯಾರ ತಿದ್ದಬ್ಯಾಡ, ಸುಹಾಸಿನಿ."

ನಾನು ಕೆಲಸಕ್ಕೆ ಸೇರಿದ್ದು ರಾಯರು ತೀರಿಕೊಂಡ ಎರಡು ವರ್ಷಕ್ಕೆ.