ಕಡತದ ಕೊನೆಯ ಮಡಿಕೆ

"ಮುಟ್ಬ್ಯಾಡ ಅಂದ್ರೆ ಮುಟ್ಬ್ಯಾಡ! ಕಿವಿ ಕೇಳಕಿಲ್ವಾ ನಿಂಗೆ?"

ಪುಟ್ಟಬಸಮ್ಮ ಕಡತದ ಮೇಲೆ ಎರಡೂ ಅಂಗೈ ಊರಿ ಕೂತುಬಿಟ್ಟಳು.

"ಕೇಳ್ತದಜ್ಜಿ. ಬೆಳಿಗ್ಗೆಯಿಂದ ಅದೊಂದೇ ಕೇಳ್ತಿದೀನಿ." ನಯನ ಕ್ಯಾಮೆರಾ ಸ್ಟ್ಯಾಂಡನ್ನು ನೆಲಕ್ಕೆ ಕುಕ್ಕಿದಳು. "ಹತ್ತೊಂಬತ್ತು ಮಡಿಕೆ ಫೋಟೋ ತೆಗೆಯೋಕೆ ಬಿಟ್ರಿ. ಇಪ್ಪತ್ತನೇದಕ್ಕೇನು ರೋಗ? ಅದರಲ್ಲಿ ಒಂದಕ್ಷರ ಇಲ್ಲ ಅಂತ ನೀವೇ ಹೇಳ್ತೀರಿ."

"ಇಲ್ಲ ಅಂದ್ರೆ ಬರ್ದಿಲ್ಲ ಅಂತಲ್ಲ. ಬರ್ದು ಒರೆಸವ್ರೆ."

ಮೂಗೂರಿನಿಂದ ಎರಡು ಮೈಲಿ ಒಳಗಿರುವ ಆ ಹಟ್ಟಿಮನೆಯ ನಡುಕೋಣೆಯಲ್ಲಿ ಹಾಡುಹಗಲೂ ಕತ್ತಲು. ಗವಾಕ್ಷಿಯಿಂದ ಒಂದು ಬೆಳಕಿನ ಕೋಲು ಮಾತ್ರ ಇಳಿದು ಕಡತದ ಮೇಲೆ ಬಿದ್ದಿತ್ತು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಹಲಗೆಯಂತೆ ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ ಅದು. ಹಿಂದಿನವರು ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಡವೆನಿಸಿದರೆ ಒರೆಸಿ ಮತ್ತೆ ಬರೆಯುತ್ತಿದ್ದರು. ಹೊಳೆ ಉಕ್ಕಿದ ವರ್ಷ, ಕೆರೆ ನೀರಿನ ಸರದಿ, ಪ್ಲೇಗು ಬಂದು ಊರು ಬಿಟ್ಟವರ ಪಟ್ಟಿ, ಎಲ್ಲವೂ ಅದರಲ್ಲಿತ್ತು. ಇಂಥವನ್ನು ಮನೆಮನೆ ಸುತ್ತಿ ಹುಡುಕಿ, ಫೋಟೋ ತೆಗೆದು, ಯಾರು ಬೇಕಾದರೂ ಓದುವಂತೆ ವೆಬ್‌ಸೈಟಿಗೆ ಏರಿಸುವುದು ನಯನಳ ಕೆಲಸ. ಎಂಟು ವರ್ಷದ ಕೆಲಸ. ಬರುವ ಭಾನುವಾರ ನಂಜನಗೂಡಿನಲ್ಲಿ ಅದರ ಬಿಡುಗಡೆ. ಮೊದಲ ಪುಟದಲ್ಲೇ ಬರುವುದಿತ್ತು: ಸಂಗ್ರಹ, ನಯನ. ಮಗಳು ಕೋಮಲ ಆ ಪುಟವನ್ನು ತನ್ನ ಕ್ಲಾಸಿನಲ್ಲಿ ತೋರಿಸುತ್ತೇನೆಂದು ಆಗಲೇ ಡಂಗುರ ಹೊಡೆದಿದ್ದಳು.

"ಅದೇನು ಮಾಟ ಅಂತ ಬಿಡಿಸಿ ಹೇಳಿ, ಕೇಳೋಣ," ನಯನ ನಕ್ಕಳು.

"ನಗಬ್ಯಾಡ." ಮುದುಕಿ ಸೀರೆ ಸರಿಸಿ ಪಾದ ಮುಂದೆ ಮಾಡಿದಳು. "ಈ ಕಾಲುಂಗ್ರ ನೋಡು. ಯಾರು ತೊಡಿಸಿದ್ದು? ನಂಗೆ ಗೊತ್ತಿಲ್ಲ. ಅಡುಗೆಮನೇಲಿ ಎರಡು ತಟ್ಟೆ ಅವೆ. ಗಂಡಸಿನ ಚಪ್ಪಲಿ ಒಂದ್ಜೊತೆ ಅದೆ. ನಿಂಗೆ ಗಂಡ ಎಲ್ಲಿದ್ದ ಅಂತ ಊರೋರೇ ಕೇಳ್ತಾರೆ. ಕೊನೇ ಮಡಿಕೇಲಿ ಯಾರು ತನ್ ಕೈಯಾರ ಹೆಸರು ಬರ್ದು ತನ್ ಕೈಯಾರ ಒರೆಸ್ತಾನೋ, ಅವ್ನು ಲೋಕದಿಂದ್ಲೇ ಒರೆಸೋಯ್ತಾನೆ ಅಂತ ಹಿರೀಕರು ಹೇಳೋರು ಕಣವ್ವ."

"ವಯಸ್ಸಾದ ಮೇಲೆ ಮರೆವು ಬರುತ್ತಜ್ಜಿ. ಅದಕ್ಕೆ ಮಾಟ ಬೇಕಾಗಿಲ್ಲ."

"ಅಂಗಾರೆ ಊರಿಗೆಲ್ಲ ವಯಸ್ಸಾಯ್ತಾ?" ಮುದುಕಿ ಬಾಗಿಲ ಕಡೆ ತಿರುಗಿದಳು. ಹುಬ್ಬು ಗಂಟಿಕ್ಕಿತು. "ಈ ಯಪ್ಪ ಯಾರು?"

ಬೆಳಿಗ್ಗೆಯಿಂದ ಅದು ಮೂರನೆಯ ಸಲ. ಬಾಗಿಲಲ್ಲಿ ನಿಂತಿದ್ದವರು ಚಿಕ್ಕಸ್ವಾಮಿ ಮೇಷ್ಟ್ರು. ನಯನಳಿಗೆ ಹಳೆಯ ಲಿಪಿ ಓದಲು ಕಲಿಸಿದವರು, ಎಂಟು ವರ್ಷ ಹಳ್ಳಿಹಳ್ಳಿಗೆ ಜೊತೆಗೆ ನಡೆದವರು. ಅಪ್ಪನಿಲ್ಲದ ನಯನ ಅವರನ್ನೇ ಅಪ್ಪನ ಜಾಗದಲ್ಲಿ ಇಟ್ಟುಕೊಂಡಿದ್ದಳು. ನಿವೃತ್ತರಾದ ಮೇಲೆ ಅವರನ್ನು ಯಾರೂ ಲೆಕ್ಕಕ್ಕಿಡುತ್ತಿಲ್ಲ ಎಂಬುದು ಅವಳ ಕೊರಗು. ಬೆಳಿಗ್ಗೆ ಹೋಟೆಲಿನವನು ಇಬ್ಬರಿಗೆ ಎಂದರೂ ಒಂದೇ ಕಾಫಿ ತಂದಿಟ್ಟಿದ್ದ. ಅವಳು ಅವನ ನೀರಿಳಿಸಿದ್ದಳು. ಕಟ್ಟಿಕೊಂಡ ಹೆಂಡತಿಯೇ ಮೇಷ್ಟ್ರನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ. ಹತ್ತು ತಿಂಗಳಿಂದ ಅವರು ಗ್ರಂಥಾಲಯದ ಜಗಲಿಯಲ್ಲಿ ಮಲಗುತ್ತಿದ್ದರು. ಆದರೂ ನಯನ ಪ್ರತಿದಿನದ ಕೆಲಸದ ಹಾಳೆಯಲ್ಲಿ ತಪ್ಪದೆ ಬರೆಯುತ್ತಿದ್ದಳು: ಜೊತೆಗೆ, ಚಿಕ್ಕಸ್ವಾಮಿ ಮೇಷ್ಟ್ರು.

"ಎಷ್ಟು ಸಲ ಹೇಳೋದಜ್ಜಿ? ನಮ್ಮ ಮೇಷ್ಟ್ರು. ಮರ್ಯಾದೆ ಕೊಟ್ಟು ಮಾತಾಡಿ."

"ಬಿಡಮ್ಮ," ಎಂದರು ಮೇಷ್ಟ್ರು, ಮೆಲ್ಲಗೆ. "ಕೆಲಸ ಮುಗಿಸು. ಗುರುತಿನ ಫೋಟೋ ಒಂದು ಬಾಕಿ ಇದೆಯಲ್ಲ."

ಅದು ಅವರ ತಂಡದ ಪದ್ಧತಿ. ಯಾವ ಪುಸ್ತಕದ ಫೋಟೋ ತೆಗೆದರೂ, ತೆಗೆದವರು ತಮ್ಮ ಹೆಸರನ್ನು ಒಂದು ಸ್ಲೇಟಿನ ಮೇಲೆ ಕೈಯಾರೆ ಬರೆದು ಪುಸ್ತಕದ ಜೊತೆಗಿಟ್ಟು ಒಂದು ಫೋಟೋ ತೆಗೆಯಬೇಕು. ಸ್ಲೇಟು ಹೊರುವುದು ಮೇಷ್ಟ್ರ ಪಾಲಿನ ಕೆಲಸ.

"ಸ್ಲೇಟು ಕೊಡಿ."

ಮೇಷ್ಟ್ರು ಹೆಗಲ ಚೀಲ ತಡವಿದರು. ಮತ್ತೆ ತಡವಿದರು. "ಮರೆತು ಬಂದೆ ಕಣಮ್ಮ." ಚೀಲವನ್ನು ಗೋಡೆಗೆ ಒರಗಿಸಿ ಹೇಳಿದರು, "ಆ ಕೊನೇ ಮಡಿಕೆ ಖಾಲಿ ಇದೆ. ಅದರ ಮೇಲೇ ಬರಿ."

"ಹಳೇ ವಸ್ತು ಮೇಲೆ ಗೆರೆ ಎಳೆಯಬಾರದು ಅಂತ ಹೇಳಿಕೊಟ್ಟವರೇ ನೀವು!"

"ಬಳಪ ತಾನೆ. ಒರೆಸಿದರೆ ಹೋಯ್ತು. ಅಜ್ಜಿಯ ಭಯಾನೂ ಹೋಗುತ್ತೆ."

ಕೊನೆಯ ಮಾತು ನಯನಳಿಗೆ ಹಿಡಿಸಿತು. ಮುದುಕಿಯ ಕೈ ಸರಿಸಿ ಮಡಿಕೆ ಬಿಚ್ಚಿದಳು. ಗುಪ್ಪೆಂದು ವಾಸನೆ ಬಂತು. ಹಳೆಯ ಇದ್ದಿಲು, ಕೊಳೆತ ಹುಣಸೆ, ಅದರಡಿಯಲ್ಲಿ ಇನ್ನೇನೋ ಹಸಿಹಸಿ. ಚಿಕ್ಕಂದಿನಲ್ಲಿ ಸ್ಲೇಟು ಒರೆಸುತ್ತಿದ್ದ ತೊಂಡೆ ಸೊಪ್ಪಿನ ವಾಸನೆ. ನೂರು ವರ್ಷದ ಬಟ್ಟೆ ಈಗಷ್ಟೇ ಒರೆಸಿದಂತೆ ತೇವವಾಗಿತ್ತು. ಮೇಷ್ಟ್ರು ಜೇಬಿನಿಂದ ಬಳಪ ತೆಗೆದು ಕೊಟ್ಟರು.

ನಯನ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಫೋಟೋ ತೆಗೆದಳು.

"ಬರ್ದಿದ್ದು ಬರ್ದಾಯ್ತು. ಒರೆಸ್ಬ್ಯಾಡ ಕಣವ್ವ!" ಮುದುಕಿ ಅವಳ ಮೊಣಕೈ ಹಿಡಿದು ಜಗ್ಗಿದಳು. "ನಿನ್ ಕಾಲಿಗೆ ಬೀಳ್ತೀನಿ. ಅಂಗೇ ಬುಟ್ಬುಡು."

"ನೋಡಿ, ನಿಮ್ಮ ಕಣ್ಣೆದುರೇ." ನಯನ ಕೊಸರಿಕೊಂಡು ಸೆರಗಿನ ತುದಿಯಿಂದ ಒಂದೇ ಸಲಕ್ಕೆ ಒರೆಸಿಬಿಟ್ಟಳು. "ಹೋಯ್ತು. ಈಗ ಹೇಳಿ, ನಾನು ಇದ್ದೀನಾ, ಇಲ್ವಾ?"

ಮುದುಕಿಯ ಹಿಡಿತ ಸಡಿಲಿತು. ಒಂದು ಕ್ಷಣ ಗವಾಕ್ಷಿಯ ಬೆಳಕು ಕಂದಿತು. ಪುಟ್ಟಬಸಮ್ಮ ಕಣ್ಣು ಪಿಳುಕಿಸಿ ಬಾಗಿಲ ಕಡೆ ನೋಡಿದಳು. ಮುಖವೆಲ್ಲ ಅರಳಿತು.

"ಅಯ್ಯೋ, ಚಿಕ್ಕಸ್ವಾಮಿ ಮೇಷ್ಟ್ರೇ! ಓದ್ ವರ್ಸ ಯುಗಾದಿ ಕಳೆದ ಮೇಲೆ ಒಬ್ರೇ ಬಂದಿದ್ರಿ, ಆಮ್ಯಾಕೆ ಈ ಕಡೆ ತಲೇನೇ ಹಾಕ್ಲಿಲ್ವಲ್ಲ?" ಆಮೇಲೆ ನಯನಳ ಕಡೆ ತಿರುಗಿ ಕೇಳಿದಳು, "ಈ ಎಣ್ಣುಮಗಳು ಯಾರು?"

ಮೇಷ್ಟ್ರು ಅಳುತ್ತಿದ್ದರು. ಅಳುತ್ತಲೇ ಹೊರಟುಹೋದರು. ಚೀಲವನ್ನೂ ಮರೆತು.

ಭಾನುವಾರ ಎಲ್ಲರಿಗೂ ತೋರಿಸಿ ಹಿಂತಿರುಗಿಸೋಣವೆಂದು ಕಡತವನ್ನೂ, ಜೊತೆಗೆ ಆ ಚೀಲವನ್ನೂ ತೆಗೆದುಕೊಂಡು ನಯನ ಬಸ್ಸು ಹತ್ತಿದಳು. ಬೇಡವೆಂದು ತಡೆಯಲು ಮುದುಕಿಗೆ ಅವಳು ಬಂದದ್ದೇ ನೆನಪಿರಲಿಲ್ಲ. ಮೇಷ್ಟ್ರೂ ಮುದುಕಿಯೂ ಸೇರಿ ತಮಾಷೆ ಮಾಡುತ್ತಿದ್ದಾರೆ ಎಂದು ನಯನ ಅಂದುಕೊಂಡಳು. ಮೇಷ್ಟ್ರಿಗೆ ನಾಳೆ ಚೆನ್ನಾಗಿ ಜಾಡಿಸಬೇಕು ಎಂದುಕೊಂಡಳು. ಕಂಡಕ್ಟರ್ ಬಂದು ಟಿಕೆಟ್ ಕೊಟ್ಟ. ಮುಂದಿನ ಸೀಟಿಗೆ ಹೋಗಿ ತಿರುಗಿದ. "ಎಲ್ಲಿಗಮ್ಮ? ಟಿಕೆಟ್ ತಗೊಂಡಿಲ್ಲ." ಟಿಕೆಟ್ ತೋರಿಸಿದಳು. ಇನ್ನೊಂದು ಸುತ್ತು ಬಂದವನು ಮತ್ತೆ ಕೇಳಿದ. ಅವಳು ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿ ಎತ್ತಿ ನೋಡಿದಳು. ಫೋಟೋ ಇರಬೇಕಾದ ಕಡೆ ಕಪ್ಪು. ಹೆಸರಿನ ಜಾಗದಲ್ಲಿ ಬಿಳಿಯ ಒರೆಸುಗೆರೆ. ಮೂಗಿನ ಹತ್ತಿರ ಹಿಡಿದಳು. ತೊಂಡೆ ಸೊಪ್ಪು.

ನಂಜನಗೂಡಿನಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಓಡಿದಳು. ಮನೆಯ ಬಾಗಿಲು ಬಡಿದಳು. ಕೋಮಲ ತೆಗೆದಳು. ಯೂನಿಫಾರ್ಮಿನಲ್ಲೇ ಇದ್ದಳು, ಎರಡು ಜಡೆ. ಬೆಳಿಗ್ಗೆ ನಯನಳೇ ಹೆಣೆದದ್ದು.

"ಯಾರು ಬೇಕಿತ್ತು ಆಂಟಿ?"

"ಕೋಮಲಾ, ನಾನು ಕಣೇ."

"ಯಾರೇ ಅದು?" ಒಳಗಿನಿಂದ ರಾಮಮ್ಮನ ಧ್ವನಿ. ನಯನಳನ್ನು ಹೆತ್ತ ತಾಯಿಯ ಧ್ವನಿ.

"ಯಾರೋ ಆಂಟಿ, ಅಜ್ಜಿ. ಅಳ್ತಾವ್ರೆ. ನೀರು ತರ್ತೀನಿ ಇರಿ." ಹುಡುಗಿ ಒಳಗೆ ಹೋಯಿತು. ಲೋಟ ತುಂಬಿದ ಸದ್ದು. ಹೆಜ್ಜೆ ಸದ್ದು. ಹುಡುಗಿ ಬಾಗಿಲಿಗೆ ಬಂತು. ಕೈಯಲ್ಲಿದ್ದ ಲೋಟವನ್ನು ನೋಡಿತು. ಯಾಕೆ ತಂದೆ ಎಂದು ಅದಕ್ಕೇ ತಿಳಿಯಲಿಲ್ಲ. ತಲೆಯೆತ್ತಿತು.

"ಯಾರು ಬೇಕಿತ್ತು ಆಂಟಿ?"

ನಯನ ಹಿಂದಕ್ಕೆ ಸರಿದಳು. ಮೆಟ್ಟಿಲು ತಪ್ಪಿತು. ಬಿದ್ದಳು. ಮೇಷ್ಟ್ರ ಚೀಲ ಬಿತ್ತು. ಒಳಗಿನಿಂದ ಏನೋ ಜಾರಿ ಕಲ್ಲಿಗೆ ಬಡಿದು ಬಿರುಕು ಬಿಟ್ಟಿತು.

ಸ್ಲೇಟು.

ಮರೆತಿರಲಿಲ್ಲ. ಬೆಳಿಗ್ಗೆಯಿಂದ ಚೀಲದಲ್ಲೇ ಇತ್ತು. ತಡವಿದ ಕೈಗೆ ಸಿಕ್ಕೇ ಇತ್ತು.

ಮೇಷ್ಟ್ರ ಮನೆ ಎರಡು ಬೀದಿ ಆಚೆ. ಬಾಗಿಲು ತೆರೆದಿತ್ತು. ಹತ್ತು ತಿಂಗಳ ಮೇಲೆ ಅವರು ಹಜಾರದ ಕುರ್ಚಿಯಲ್ಲಿ ಕೂತಿದ್ದರು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ, ಹೆಂಡತಿ ಏನೋ ಗುನುಗುವ ಸದ್ದು. ಮೇಜಿನ ಮೇಲೆ ಕೆಲಸದ ಹಾಳೆಗಳ ಕಟ್ಟು, ಭಾನುವಾರದ ಆಹ್ವಾನ ಪತ್ರಿಕೆ. ನಯನ ಪತ್ರಿಕೆ ಎತ್ತಿಕೊಂಡಳು. ಸಂಗ್ರಹ, ಚಿಕ್ಕಸ್ವಾಮಿ. ಎಂಟು ವರ್ಷದ ಹಾಳೆಗಳನ್ನು ತಿರುವಿದಳು. ಅವಳ ಹೆಸರಿದ್ದ ಕಡೆಯೆಲ್ಲ ಅವರ ಹೆಸರು.

ಸ್ಲೇಟನ್ನು ಅವರ ಮುಂದೆ ಒಗೆದಳು. "ನಿಮಗೆ ನಾನು ನೆನಪಿದ್ದೀನಾ?"

"ಬರೆಸಿದವನಿಗೆ ಮರೆಯಲ್ಲ." ಮೇಷ್ಟ್ರು ತಲೆ ಎತ್ತಲಿಲ್ಲ. "ಹೋದ ವರ್ಷ ನಾನು ಒಬ್ಬನೇ ಹೋಗಿದ್ದೆ. ಬಟ್ಟೆ ಮೇಲೆ ಬಳಪ ಹಿಡಿಯುತ್ತಾ ನೋಡೋಣ ಅಂತ ಹೆಸರು ಬರೆದೆ, ಒರೆಸಿದೆ. ಮೇಷ್ಟ್ರ ಕೈಯಮ್ಮ. ಬಳಪ ಸಿಕ್ಕರೆ ಮೊದಲು ಬರೆಯೋದು ಹೆಸರೇ. ಮನೆಗೆ ಬಂದರೆ ಇವಳು ಕಳ್ಳ ಅಂತ ಕಿರುಚಿದಳು."

"ನನಗ್ಯಾಕೆ ಮರೀಲಿಲ್ಲ ನೀವು?"

"ನೀನು ದಿನಾ ಹಾಳೆಯಲ್ಲಿ ನನ್ನ ಹೆಸರು ಬರೀತಿದ್ದೆ. ನೆನಪಿರೋರು ಬರೆದರೆ ಅಕ್ಷರ ನಿಲ್ಲುತ್ತೆ. ಲೋಕದಲ್ಲಿ ನಾನು ಉಳಿದಿದ್ದು ಆ ಒಂದು ಸಾಲಲ್ಲಿ."

"ಅದಕ್ಕೆ ನನ್ನನ್ನೇ ಆರಿಸಿಕೊಂಡ್ರಾ?"

"ನನ್ನ ಮಾತು ಕೇಳೋರು ಇನ್ಯಾರಿದ್ದರು?"

ಹೊಡೆಯಲು ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಮೇಷ್ಟ್ರು ಅವಸರದಲ್ಲಿ ಪಿಸುಗುಟ್ಟಿದರು, "ಒಂದು ವರ್ಷ ಟೈಮಿದೆ ಅಂತ ಆಮೇಲೆ ಆ ಅಜ್ಜಿಯಿಂದಲೇ ತಿಳ್ಕೊಂಡೆ. ಅಷ್ಟರಲ್ಲಿ ಬೇರೆಯವರು ಬರೆದು ಒರೆಸಿದರೆ ನೀನು ವಾಪಸ್ ಬರ್ತೀಯ. ಮೀರಿದರೆ ಅಜ್ಜಿಯ ಗಂಡನ ಹಾಗೆ, ಕಣ್ಣಿಗೂ ಕಾಣಲ್ಲ. ಆಫೀಸಲ್ಲಿ ಅರ್ಪಿತ ಇದ್ದಾಳಲ್ಲ, ಹೊಸ ಹುಡುಗಿ. ಏನು ಹೇಳಿದರೂ ಹೂಂ ಅಂತಾಳೆ. ಸ್ಲೇಟು ಮರೆತೆ ಅಂತ ಹೇಳು ಸಾಕು."

ನಯನ ಅವರನ್ನೇ ನೋಡಿದಳು. ಹೂಂ ಅನ್ನುವ ಹುಡುಗಿ. ಎಂಟು ವರ್ಷದ ಹಿಂದೆ ತಾನೂ ಹಾಗೇ ಇದ್ದೆ.

"ಬೇಡ. ಒಂದೇ ಒಂದು ಕೆಲಸ ಮಾಡಿ." ಮೇಜಿನ ಮೇಲಿದ್ದ ಮೊದಲ ಪುಟದ ಕರಡು ಹಾಳೆಯನ್ನು ಮುಂದೆ ತಳ್ಳಿದಳು. ಅವಳ ಕೋಪವೆಲ್ಲ ಸೋರಿಹೋಗಿತ್ತು. "ನಿಮಗೆ ನಾನು ನೆನಪಿದ್ದೀನಿ. ನೀವು ಬರೆದರೆ ನಿಲ್ಲುತ್ತೆ. ಸಂಗ್ರಹ, ನಯನ ಅಂತ ಬರೀರಿ. ನನ್ನ ಮಗಳು ಭಾನುವಾರ ಆ ಪುಟ ತೆಗೀತಾಳೆ ಮೇಷ್ಟ್ರೇ. ಹೆಸರಾದರೂ ಅವಳ ಕಣ್ಣಿಗೆ ಬೀಳಲಿ."

ಮೇಷ್ಟ್ರು ಪೆನ್ನು ತೆಗೆದರು. ಮುಚ್ಚಳ ಬಿಚ್ಚಿದರು. ಹಾಳೆಯ ಮೇಲಿದ್ದ ತಮ್ಮ ಹೆಸರನ್ನು ನೋಡಿದರು. ಅದನ್ನು ಹೊಡೆದುಹಾಕಿಯೇ ಇನ್ನೊಂದನ್ನು ಬರೆಯಬೇಕಿತ್ತು. ಅಡುಗೆಮನೆಯಿಂದ "ರೀ, ತಿಂಡಿಗೆ ಏಳ್ತೀರಾ?" ಎಂಬ ಕೂಗು ಬಂತು. ಹತ್ತು ತಿಂಗಳಲ್ಲಿ ಮೊದಲ ಸಲ.

ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.

ನಯನ ಇನ್ನಾರ ಕೈಗೂ ಸಿಗದಂತೆ ಕಡತವನ್ನು ಎದೆಗವಚಿಕೊಂಡಳು. ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದಳು. ಅದನ್ನು ನೀರಿಗೆ ಹಾಕಲು ಬೀದಿಯ ಬಿಸಿಲಲ್ಲಿ ಹೊಳೆಯ ದಾರಿ ಹಿಡಿದವಳು ಒಮ್ಮೆಯೂ ಹಿಂದೆ ತಿರುಗಲಿಲ್ಲ. ಆ ಊರಿಗೆ ಮತ್ತೆ ಬರಲಿಲ್ಲ.

ಹೆಂಡತಿ ಕೈ ಒರೆಸಿಕೊಳ್ಳುತ್ತಾ ಹಜಾರಕ್ಕೆ ಬಂದಳು. ನೆಲದ ಮೇಲೆ ಬಿರುಕು ಬಿಟ್ಟ ಸ್ಲೇಟು ಬಿದ್ದಿತ್ತು.

"ಯಾರೋ ಮಾತಾಡಿದ ಹಾಗಿತ್ತು. ಯಾರ್ರೀ ಬಂದಿದ್ದು?"

ಮೇಷ್ಟ್ರು ಸ್ಲೇಟನ್ನು ಕಾಲಿನಿಂದ ಕುರ್ಚಿಯ ಕೆಳಕ್ಕೆ ತಳ್ಳಿದರು.

"ಯಾರೂ ಇಲ್ಲ," ಎಂದರು.