ಕೀ ತೆಗೆದ ಮೇಲೆ

ಚಿಕ್ಕಮ್ಮ ಸೋಲಾರ್ ಚಾರ್ಜರನ್ನು ಗಾಜಿನ ಮೇಜಿನ ಮೇಲೆ ಇಟ್ಟ ರೀತಿಯಲ್ಲೇ ಬ್ಯಾಟರಿ ಅಂಗಡಿಯ ತಾತನಿಗೆ ವಿಷಯ ತಿಳಿದಿರಬೇಕು. ಪುಟ್ಟಿ ಚಿಕ್ಕಮ್ಮನ ಬೆನ್ನ ಹಿಂದೆ ಸರಿದಳು.

“ಯಜಮಾನ್ರೇ, ಹದಿನೈದು ದಿನ ಇದು ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಲ್ಲೇ ಇತ್ತು. ಬೆಳಿಗ್ಗೆ ಕೀ ತಿರುಗಿಸಿದ್ರೆ ವ್ಯಾನು ಕಮಕ್ ಕಿಮಕ್ ಅನ್ನಲಿಲ್ಲ.”

ಚಿಕ್ಕಮ್ಮನದು ಕನ್ನಡಕದ ವ್ಯಾನು. ತಿಂಗಳಿಗೆ ಎರಡು ಸಲ ಊರಾಚೆಯ ವೃದ್ಧಾಶ್ರಮಕ್ಕೆ ಹೋಗಿ, ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುತ್ತಾಳೆ. ಉಳಿದ ದಿನ ವ್ಯಾನು ಮನೆ ಮುಂದೆ ಸುಮ್ಮನೆ ನಿಂತಿರುತ್ತದೆ. ನಿಂತಲ್ಲೇ ಬ್ಯಾಟರಿ ಇಳಿದುಹೋಗುತ್ತದೆ. ಅದಕ್ಕೇ ಈ ಪುಟ್ಟ ಚಾರ್ಜರ್ ತಂದದ್ದು.

ಇವತ್ತು ಪಕ್ಕದ ಮನೆಯವರ ಕಾರಿನಿಂದ ವೈರು ಎಳೆದು ವ್ಯಾನ್ ಸ್ಟಾರ್ಟ್ ಮಾಡುವಷ್ಟರಲ್ಲಿ ಮಧ್ಯಾಹ್ನ. ರಜೆಯೆಂದು ಪುಟ್ಟಿಯೂ ಜೊತೆಗೆ ಹೋಗಿದ್ದಳು. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಕಾದಿದ್ದ ಅಜ್ಜಿಯೊಬ್ಬರು, “ಇನ್ನು ಬರೋಲ್ಲ ಅಂದ್ಕೊಂಡೆ ಕಣಮ್ಮ” ಎಂದದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು.

ತಾತ ಚಾರ್ಜರನ್ನು ಬಾಗಿಲ ಬಿಸಿಲಿಗೆ ಹಿಡಿದು, ಮೀಟರ್ ಹಚ್ಚಿ ನೋಡಿದರು. ಚಾರ್ಜರ್ ಸರಿಯಾಗಿಯೇ ಇತ್ತು. ಇದನ್ನು ಎಲ್ಲಿಗೆ ಚುಚ್ಚಿದ್ದಿರಿ ಎಂದು ಕೇಳಿದರು. ಫೋನ್ ಚಾರ್ಜ್ ಮಾಡುವ ಸಾಕೆಟ್ಟಿಗೆ, ದಿನಾ ನೀಲಿ ದೀಪ ಮಿನುಗುತ್ತಿತ್ತು ಎಂದಳು ಚಿಕ್ಕಮ್ಮ.

“ಬಿಸಿಲು ಬಿದ್ರೆ ಆ ದೀಪ ಉರಿಯತ್ತಮ್ಮಾ. ಆದ್ರೆ ಕೆಲವು ಗಾಡಿಲಿ ಕೀ ತೆಗೆದ ತಕ್ಷಣ ಸಾಕೆಟ್ಟಿನ ಲೈನು ಕಟ್ ಆಗತ್ತೆ. ಆಮೇಲೆ ಕರೆಂಟು ಬ್ಯಾಟರಿಗೆ ಹೋಗೋಕೆ ದಾರಿಯೇ ಇಲ್ಲ.”

“ಹಾಗಿದ್ರೆ ಕೊಡುವಾಗ್ಲೇ ಅದನ್ನ ಕೇಳ್ಬೇಕಿತ್ತಲ್ವಾ?”

ಪುಟ್ಟಿಗೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

ತಾತ ಕೇಳಿದ್ದರು. ಚಾರ್ಜರ್ ಕೊಳ್ಳಲು ಬಂದ ದಿನ ಚಿಕ್ಕಮ್ಮ ಅಂಗಡಿಯ ಹೊರಗೆ ಫೋನಿನಲ್ಲಿದ್ದಳು. ತಾತ ಎರಡು ಚಾರ್ಜರ್ ತೋರಿಸಿದ್ದರು. ಒಂದನ್ನು ಸಾಕೆಟ್ಟಿಗೆ ಚುಚ್ಚಿದರೆ ಮುಗಿಯಿತು. ಇನ್ನೊಂದಕ್ಕೆ ಸೀಟು ಎತ್ತಿ, ಅದರ ಕೆಳಗಿನ ಬ್ಯಾಟರಿಗೇ ಕ್ಲಿಪ್ ಹಾಕಬೇಕು. ಕೀ ತೆಗೆದ ಮೇಲೂ ಸಾಕೆಟ್ಟಿನಲ್ಲಿ ಕರೆಂಟ್ ಇರುತ್ತದಾ ಎಂದು ತಾತ ಪುಟ್ಟಿಯನ್ನು ಕೇಳಿದಾಗ, ಪಕ್ಕದಲ್ಲೇ ಅವಳ ಸ್ಕೂಲಿನ ದೊಡ್ಡ ಕ್ಲಾಸಿನ ಇಬ್ಬರು ಹುಡುಗಿಯರು ನಿಂತಿದ್ದರು. ಪುಟ್ಟಿ ಗಲ್ಲ ಎತ್ತಿ, “ಇರತ್ತೆ, ನಾನೇ ನೋಡಿದೀನಿ” ಅಂದಿದ್ದಳು. ಅವಳು ಒಂದು ದಿನವೂ ನೋಡಿರಲಿಲ್ಲ.

ಈಗ ತಾತನ ಕಣ್ಣು ಒಮ್ಮೆ ಅವಳತ್ತ ಬಂದು ಹೋಯಿತು. ಅಷ್ಟೇ.

“ಕೇಳೋದು ಮರೆತಿರ್ಬೇಕಮ್ಮಾ. ವಯಸ್ಸಾಯ್ತು ನೋಡಿ. ಬದಲಾಯಿಸಿ ಕೊಡ್ತೀನಿ ಬಿಡಿ,” ಎಂದರು.

ಹಿಂದೆ ಬೈಕಿನ ಬ್ಯಾಟರಿ ಹಿಡಿದು ಕಾಯುತ್ತಿದ್ದ ಒಬ್ಬರು ಇದನ್ನೆಲ್ಲ ಕೇಳಿಸಿಕೊಂಡರು. ಮರೆಯೋರ ಹತ್ತಿರ ಏನು ವ್ಯಾಪಾರ ಎಂದು ಗೊಣಗಿ, ಬ್ಯಾಟರಿ ಕಂಕುಳಿಗೆ ಸೇರಿಸಿ ಮೆಟ್ಟಿಲಿಳಿದರು. ತಾತ ಅವರನ್ನು ಕರೆಯಲಿಲ್ಲ. ಸುಮ್ಮನೆ ಮೀಟರಿನ ವೈರು ಸುತ್ತತೊಡಗಿದರು.

ಪುಟ್ಟಿ ಚಿಕ್ಕಮ್ಮನ ಬೆನ್ನ ಹಿಂದಿನಿಂದ ಮುಂದೆ ಬಂದಳು.

“ಚಿಕ್ಕಮ್ಮಾ, ತಾತ ಕೇಳಿದ್ರು. ನಾನು ನೋಡ್ದೇನೇ ಇರತ್ತೆ ಅಂದೆ.”

ಚಿಕ್ಕಮ್ಮ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಪುಟ್ಟಿಯನ್ನು ನೋಡಿದಳು, ಆಮೇಲೆ ತಾತನತ್ತ ತಿರುಗಿ, ತಪ್ಪು ತಿಳಿಯಬೇಡಿ ಎಂದು ಮೆಲ್ಲಗೆ ಕೇಳಿಕೊಂಡಳು. ಪುಟ್ಟಿಯ ಕಿವಿ ಬೆಂಕಿಯಾಯಿತು. ದೊಡ್ಡವರು ತನ್ನ ಬದಲು ತಲೆ ತಗ್ಗಿಸುವುದನ್ನು ಅವಳು ಯಾವತ್ತೂ ನೋಡಿರಲಿಲ್ಲ.

ತಾತ ಕ್ಲಿಪ್ಪಿನ ಚಾರ್ಜರ್ ಕೆಳಗಿಳಿಸಿದರು. ಈ ಸಲವೂ ಕೇಳಿದ್ದು ಪುಟ್ಟಿಯನ್ನೇ.

“ಡ್ಯಾಶ್‌ಬೋರ್ಡಿಂದ ಸೀಟಿನ ಕೆಳಗಿನ ಬ್ಯಾಟರಿಗೆ ಎಷ್ಟುದ್ದ ವೈರು ಬೇಕಾಗತ್ತೆ ಮರಿ?”

ಎರಡು ಮೀಟರ್ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಪುಟ್ಟಿ ಅದನ್ನು ನುಂಗಿಕೊಂಡಳು.

“ಗೊತ್ತಿಲ್ಲ ತಾತ. ಅಳೆದು ಬಂದು ಹೇಳ್ತೀನಿ.”

ತಾತ ಟೇಪು ಕೊಟ್ಟರು. ವ್ಯಾನಿನ ಬಾಗಿಲು ತೆಗೆದಾಗ, ರಸ್ತೆಯ ಆ ಬದಿಯ ಇನ್ನೊಂದು ಬ್ಯಾಟರಿ ಅಂಗಡಿಯಲ್ಲಿ ಬೈಕಿನ ಬ್ಯಾಟರಿಯವರು ಕಂಡರು. ಪುಟ್ಟಿ ತಲೆ ತಗ್ಗಿಸಿ ಸೀಟು ಎತ್ತಿದಳು. ಟೇಪನ್ನು ಮೂಲೆಮೂಲೆಗೂ ಒತ್ತಿ ಹಿಡಿದು ಅಳೆದಳು. ಆಮೇಲೆ ಮತ್ತೆ ಮೊದಲಿಂದ ಅಳೆದಳು.